ರೂಪಾಯಿಯ ನೂರನೆಯ ಭಾಗ

ಮಕ್ಕಳೇ, ಒಂದು ರೂಪಾಯಿಗೆ ನೂರು ಪೈಸೆ ಎಂದು ನೀವು ಗಣಿತ ಪಾಠದಲ್ಲಿ ಕಲಿತಿದ್ದೀರಿ. ಆದರೆ ನಿಮ್ಮಲ್ಲಿ ಎಷ್ಟು ಮಂದಿ ಒಂದು ಪೈಸೆಯ ನಾಣ್ಯವನ್ನು ಕೈಯಲ್ಲಿ ಹಿಡಿದಿದ್ದೀರಿ? ಬಹುಶಃ ಯಾರೂ ಇಲ್ಲ. ನಿಮ್ಮ ಅಪ್ಪ ಅಮ್ಮ ಕೂಡ ಅದನ್ನು ಕಂಡಿರಲಿಕ್ಕಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ. ಹಳೆಯ ಪೆಟ್ಟಿಗೆಯಲ್ಲೋ ದೇವರ ಹುಂಡಿಯಲ್ಲೋ ಒಂದೆರಡು ಸಿಕ್ಕರೂ ಸಿಗಬಹುದು.

ನನ್ನ ಬಳಿ ಅಂಥ ನಾಣ್ಯಗಳ ಒಂದು ಸಣ್ಣ ಡಬ್ಬಿ ಇದೆ. ಇವುಗಳನ್ನು ಒಯ್ದು ಅಂಗಡಿಯಲ್ಲಿ ಕೊಟ್ಟರೆ ಈಗ ಒಂದು ಕಡಲೆಕಾಳೂ ಸಿಗುವುದಿಲ್ಲ. ಆದರೂ ನಾನು ಅವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಏಕೆಂದರೆ ಗಣಿತ, ಲೋಹಗಳ ಗುಣ, ನೀರಿನ ಗುಣ ಇಷ್ಟನ್ನೂ ಹೇಳಿಕೊಡುವ ಪಾಠೋಪಕರಣ ಅದಕ್ಕಿಂತ ಅಗ್ಗವಾಗಿ ಇನ್ನೊಂದಿಲ್ಲ. ಬನ್ನಿ, ಆ ಡಬ್ಬಿಯನ್ನು ಒಟ್ಟಿಗೆ ತೆರೆಯೋಣ.

ಹದಿನಾರಾಣೆಯ ಕಾಲ

ಡಬ್ಬಿಯಲ್ಲಿ ಎಲ್ಲಕ್ಕಿಂತ ಹಳೆಯದು ನಡುವೆ ದೊಡ್ಡ ತೂತಿರುವ ಕಂಚಿನ ನಾಣ್ಯ. ಇಂಥದನ್ನು 1943ರಿಂದ 1947ರವರೆಗೆ ಟಂಕಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕೆ ಬಹಳ ಅಭಾವವಿತ್ತು. ನಡುವಿನ ಲೋಹವನ್ನು ತೆಗೆದುಬಿಟ್ಟರೆ ಅಷ್ಟು ಉಳಿತಾಯ! ಜನ ಇದನ್ನು ತೂತಿನ ಕಾಸು ಎಂದು ಕರೆದರು. ದಾರದಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳುವುದಕ್ಕೂ ಅನುಕೂಲವಾಗಿತ್ತು.

ಇದೂ ಒಂದು ಪೈಸೆಯೇ. ಆದರೆ ನಿಮ್ಮ ಗಣಿತ ಪುಸ್ತಕದ ಪೈಸೆಯಲ್ಲ. ಆಗ ಲೆಕ್ಕ ಬೇರೆ ಇತ್ತು. 3 ಪೈ ಸೇರಿದರೆ 1 ಪೈಸೆ. 4 ಪೈಸೆಗೆ 1 ಆಣೆ. 16 ಆಣೆಗೆ 1 ರೂಪಾಯಿ. ಅಂದರೆ ರೂಪಾಯಿಗೆ 64 ಪೈಸೆ, 192 ಪೈ. ಮೈಸೂರು ಸೀಮೆಯಲ್ಲಿ ಪೈಯನ್ನು ಕಾಸು ಎನ್ನುತ್ತಿದ್ದರು. ಮೂರು ಕಾಸು ಸೇರಿದ್ದು ಮುಕ್ಕಾಸು. 'ಮುಕ್ಕಾಸಿನ ಬೆಲೆಯೂ ಇಲ್ಲ' ಎಂದು ಹಿರಿಯರು ಬೈಯುವುದನ್ನು ನೀವು ಕೇಳಿರಬಹುದು. ಪೂರ್ತಿ ನಿಜವಾದ ಮಾತಿಗೆ 'ಹದಿನಾರಾಣೆ ಸತ್ಯ' ಎನ್ನುತ್ತೇವಲ್ಲ, ಅದೂ ಇದೇ ಲೆಕ್ಕದಿಂದ ಬಂದದ್ದು. ಹದಿನಾರಾಣೆ ಎಂದರೆ ಒಂದಾಣೆಯೂ ಕಡಿಮೆಯಿಲ್ಲದ ಇಡೀ ರೂಪಾಯಿ.

ಈಗ ಒಂದು ಲೆಕ್ಕ ಮಾಡಿ. ಒಂದು ಪಂಚೆಯ ಬೆಲೆ 3 ರೂಪಾಯಿ 7 ಆಣೆ 9 ಪೈ. ಹಾಗಾದರೆ 5 ಪಂಚೆಗೆ ಎಷ್ಟು? ಮೊದಲು 9 ಪೈಗಳನ್ನು 5ರಿಂದ ಗುಣಿಸಬೇಕು. 45 ಪೈ ಬಂತು. 12 ಪೈಗೆ ಒಂದು ಆಣೆಯಂತೆ ಭಾಗಿಸಿದರೆ 3 ಆಣೆ 9 ಪೈ. ನಂತರ 7 ಆಣೆಯನ್ನು 5ರಿಂದ ಗುಣಿಸಿ, ಈ 3 ಆಣೆಯನ್ನು ಕೂಡಿಸಬೇಕು. 38 ಆಣೆ, ಅಂದರೆ 2 ರೂಪಾಯಿ 6 ಆಣೆ. ಕೊನೆಗೆ ರೂಪಾಯಿ. ಒಟ್ಟು 17 ರೂಪಾಯಿ 6 ಆಣೆ 9 ಪೈ. ಒಮ್ಮೆ 12ರಿಂದ, ಇನ್ನೊಮ್ಮೆ 16ರಿಂದ ಭಾಗಿಸುವ ಈ ಸರ್ಕಸ್ಸನ್ನು ಆಗಿನ ಮಕ್ಕಳು ದಿನವೂ ಮಾಡುತ್ತಿದ್ದರು. ಅದಕ್ಕಾಗಿಯೇ ಅವರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಬೇಕಿತ್ತು.

ಹಾಗೆಂದು ಹಳೆಯ ಪದ್ಧತಿ ದಡ್ಡತನದ್ದೆಂದು ತಿಳಿಯಬೇಡಿ. 16ನ್ನು ಅರ್ಧ ಮಾಡಿದರೆ 8, ಮತ್ತೆ ಅರ್ಧ ಮಾಡಿದರೆ 4, ಆಮೇಲೆ 2, ಆಮೇಲೆ 1. ಎಲ್ಲೂ ಚೂರು ಉಳಿಯುವುದಿಲ್ಲ. ಅಕ್ಷರ ಬಾರದವರಿಗೂ ಅರ್ಧ, ಕಾಲು, ಅರೆಕಾಲು ಸುಲಭವಾಗಿ ತಿಳಿಯುತ್ತಿತ್ತು. 100ನ್ನು ಹಾಗೆಯೇ ಅರ್ಧ ಮಾಡುತ್ತಾ ಹೋಗಿ. 50, 25, ಆಮೇಲೆ? ಹನ್ನೆರಡೂವರೆ! ಅಲ್ಲಿಂದ ತೊಡಕು ಶುರುವಾಗುತ್ತದೆ. ಈ ತೊಡಕನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಪೈಸೆಗೆ ಬಂದ ಹೊಸ ಹೆಸರು

ಸ್ವತಂತ್ರ ಭಾರತದ ಮೊದಲ ನಾಣ್ಯಗಳು 1950ರ ಆಗಸ್ಟ್ 15ರಂದು ಹೊರಬಂದವು. ರಾಜನ ತಲೆಯ ಜಾಗದಲ್ಲಿ ಅಶೋಕಸ್ತಂಭದ ಸಿಂಹಗಳು ಕುಳಿತವು. ಪೈಸೆಯ ಮೇಲೆ ಓಡುವ ಕುದುರೆ, ಆಣೆಯ ಮೇಲೆ ಗೂಳಿ. ಆದರೆ ಲೆಕ್ಕ ಮಾತ್ರ ಹಳೆಯದೇ, 64 ಪೈಸೆಯ ರೂಪಾಯಿ.

1955ರಲ್ಲಿ ಸಂಸತ್ತು ನಾಣ್ಯ ಕಾಯಿದೆಗೆ ತಿದ್ದುಪಡಿ ಮಾಡಿತು. ಅದು ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅಂದಿನಿಂದ ರೂಪಾಯಿಗೆ 100 ಪೈಸೆ. ರೂಪಾಯಿಯ ಬೆಲೆ ಬದಲಾಗಲಿಲ್ಲ, ಅದನ್ನು ಒಡೆಯುವ ಕ್ರಮ ಮಾತ್ರ ಬದಲಾಯಿತು. ಅದೇ ದಿನ ಅಂಚೆ ಇಲಾಖೆ ಭಾರತದ ನಕ್ಷೆಯಿರುವ ಹೊಸ ಅಂಚೆಚೀಟಿಗಳನ್ನು ಹೊಸ ಲೆಕ್ಕದಲ್ಲಿ ತಂದಿತು. ಸೇರು, ಮಣಗಳು ಹೋಗಿ ಕಿಲೋಗ್ರಾಂ ಬರುವುದಕ್ಕೂ 1956ರಲ್ಲಿಯೇ ಕಾಯಿದೆಯಾಗಿತ್ತು. ಹೀಗೆ ಹಣ, ತೂಕ, ಅಳತೆ ಮೂರೂ ಹತ್ತರ ಲೆಕ್ಕಕ್ಕೆ ಬಂದವು. ಇದನ್ನೇ ದಶಮಾನ ಪದ್ಧತಿ ಎನ್ನುತ್ತೇವೆ.

ಇಲ್ಲೊಂದು ಸಮಸ್ಯೆ ಇತ್ತು. ಹಳೆಯ ಪೈಸೆ ಇನ್ನೂ ಜನರ ಕೈಯಲ್ಲಿತ್ತು. ಅದು ರೂಪಾಯಿಯ 64ನೆಯ ಒಂದು ಭಾಗ. ಹೊಸದು ನೂರನೆಯ ಒಂದು ಭಾಗ. ಯಾವುದು ದೊಡ್ಡದು? ಛೇದ ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದು ಎಂದು ನಿಮಗೆ ಗೊತ್ತಲ್ಲ. ಆದ್ದರಿಂದ ಹಳೆಯ ಪೈಸೆಯೇ ಹೆಚ್ಚಿನ ಬೆಲೆಯದು. ಎರಡಕ್ಕೂ ಒಂದೇ ಹೆಸರಿದ್ದರೆ ಜಗಳವಾಗದೆ ಇರುತ್ತದೆಯೇ? ಅದಕ್ಕಾಗಿ ಹೊಸದನ್ನು 'ನಯಾ ಪೈಸೆ' ಎಂದು ಕರೆದರು. ಜನ ಹೊಸ ಲೆಕ್ಕಕ್ಕೆ ಹೊಂದಿಕೊಂಡ ಮೇಲೆ, 1964ರ ಜೂನ್ 1ರಿಂದ 'ನಯಾ' ಎಂಬುದನ್ನು ಬಿಟ್ಟು ಬರೀ ಪೈಸೆ ಎಂದರು.

ನನ್ನ ಡಬ್ಬಿಯಲ್ಲಿರುವ 1957ರ ಒಂದು ನಯಾ ಪೈಸೆ ಕಂಚಿನದು. ತೂಕ ಒಂದೂವರೆ ಗ್ರಾಂ, ಅಡ್ಡಳತೆ 16 ಮಿಲಿಮೀಟರ್. ಒಂದು ಬದಿಯಲ್ಲಿ ಹಿಂದಿಯಲ್ಲಿ 'ರೂಪಾಯಿಯ ನೂರನೆಯ ಭಾಗ' ಎಂದು ಅರ್ಥ ಬರುವಂತೆ ಬರೆದಿದೆ. 5 ನಯಾ ಪೈಸೆಯ ಮೇಲೆ ಇಪ್ಪತ್ತನೆಯ ಭಾಗ ಎಂದೂ, 10ರ ಮೇಲೆ ಹತ್ತನೆಯ ಭಾಗ ಎಂದೂ ಇತ್ತು. ನೋಡಿ, ಇಡೀ ದೇಶಕ್ಕೆ ಭಿನ್ನರಾಶಿಯ ಪಾಠವನ್ನು ಜೇಬಿನಲ್ಲಿಟ್ಟು ಕಳಿಸಿದ್ದರು!

ಸೊಪ್ಪು ಮಾರುವವಳ ಲೆಕ್ಕ

ಈಗ ಆ ತೊಡಕಿಗೆ ಬರೋಣ. ನಮ್ಮ ಅಜ್ಜಿ ವಾರದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದಂಟಿನ ಸೊಪ್ಪಿನ ದೊಡ್ಡ ಕಟ್ಟಿಗೆ ಒಂದಾಣೆ. ಹದಿನಾರು ಕಟ್ಟು ಮಾರಿದರೆ ಒಂದು ರೂಪಾಯಿ. ಇದು ಆಕೆಗೆ ಬೆರಳ ತುದಿಯಲ್ಲಿದ್ದ ಲೆಕ್ಕ.

ಹೊಸ ಲೆಕ್ಕದಲ್ಲಿ ಒಂದಾಣೆಗೆ ಎಷ್ಟು? 100ನ್ನು 16ರಿಂದ ಭಾಗಿಸಿ. 6.25 ಬರುತ್ತದೆ. ಆದರೆ ಕಾಲು ಪೈಸೆಯ ನಾಣ್ಯ ಇರಲಿಲ್ಲ. ಅದಕ್ಕಾಗಿ ಹತ್ತಿರದ ಪೂರ್ಣ ಸಂಖ್ಯೆಯ ಕೋಷ್ಟಕ ಮಾಡಿದ್ದರು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆ.

ಈಗ ಲೆಕ್ಕ ಹಾಕಿ. ಅಜ್ಜಿ ಒಂದು ಕಟ್ಟಿಗೆ 6 ನಯಾ ಪೈಸೆಯಂತೆ ಹದಿನಾರು ಕಟ್ಟನ್ನು ಹದಿನಾರು ಜನರಿಗೆ ಮಾರಿದರೆ ಸಿಗುವುದು 96 ಪೈಸೆ. ನಾಲ್ಕು ಪೈಸೆ ಎಲ್ಲಿ ಹೋಯಿತು? ಅದನ್ನು ಯಾರೂ ಕದಿಯಲಿಲ್ಲ. ಕಾಲು ಕಾಲು ಪೈಸೆಯಾಗಿ ಸೋರಿಹೋಯಿತು. ಅದೇ ಕಟ್ಟಿಗೆ 7 ಪೈಸೆ ಹೇಳಿದರೆ 112 ಪೈಸೆ ಆಗುತ್ತದೆ. ಆಗ ನಷ್ಟ ಕೊಳ್ಳುವವರದು. ಆ ದಿನಗಳಲ್ಲಿ ಕೆಲವು ಅಂಗಡಿಗಳಲ್ಲಿ ಒಂದಾಣೆಯ ಸಾಮಾನಿಗೆ 7 ಪೈಸೆ ಕೇಳುತ್ತಿದ್ದರೆಂದು ನಮ್ಮಪ್ಪ ಹೇಳುತ್ತಿದ್ದರು. ರೂಪಾಯಿಗಟ್ಟಲೆ ವ್ಯಾಪಾರ ಮಾಡುವವರಿಗೆ ಇದರಿಂದ ಏನೂ ಆಗುತ್ತಿರಲಿಲ್ಲ. ಒಂದಾಣೆ ಎರಡಾಣೆಯಲ್ಲೇ ದಿನ ಕಳೆಯುವವರಿಗೆ ಮಾತ್ರ ಪೆಟ್ಟು ಬೀಳುತ್ತಿತ್ತು.

ಅಜ್ಜಿ ಏನು ಮಾಡಿದಳು ಗೊತ್ತೆ? "ಒಂದೊಂದು ಕಟ್ಟು ಕೊಡಾಕಿಲ್ಲ ಕಣಪ್ಪ, ನಾಕು ಕಟ್ಟು ತಗೊ, ನಾಕಾಣೆ ಕೊಡು" ಎನ್ನತೊಡಗಿದಳು. ನಾಲ್ಕಾಣೆಗೆ ಸರಿಯಾಗಿ 25 ಪೈಸೆ. ಚೂರೂ ಸೋರುವುದಿಲ್ಲ. ಒಂದೇ ಕಟ್ಟು ಬೇಕಾದ ಬಡವರಿಗೆ ಇಬ್ಬರು ಮೂವರು ಸೇರಿ ಕೊಳ್ಳಿ ಎಂದು ಹೇಳಿಕೊಡುತ್ತಿದ್ದಳಂತೆ. 16 ಮತ್ತು 100 ಎರಡನ್ನೂ ಶೇಷವಿಲ್ಲದೆ ಭಾಗಿಸುವ ದೊಡ್ಡ ಸಂಖ್ಯೆ 4. ಅದನ್ನು ನೀವು ಮಹತ್ತಮ ಸಾಮಾನ್ಯ ಅಪವರ್ತನ ಎಂದು ಕಲಿಯುತ್ತೀರಿ. ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ. ಲೆಕ್ಕ ಗೊತ್ತಿತ್ತು.

ಕಂಚು ಹೋಗಿ ಅಲ್ಯೂಮಿನಿಯಂ ಬಂತು

ಡಬ್ಬಿಯಲ್ಲಿ ಮುಂದಿನದು ಹಳದಿ ಬಣ್ಣದ ಪೈಸೆ. 1962ರಲ್ಲಿ ಕಂಚನ್ನು ಬಿಟ್ಟು ನಿಕಲ್ ಹಿತ್ತಾಳೆಯಲ್ಲಿ ಪೈಸೆ ಮಾಡಿದರು. 1965ರಿಂದ ಅದೂ ಹೋಗಿ ಅಲ್ಯೂಮಿನಿಯಂ ಬಂತು. ಅದಕ್ಕೆ ಸ್ವಲ್ಪ ಮೆಗ್ನೀಸಿಯಂ ಬೆರೆಸುತ್ತಿದ್ದರು. ಈ ಪೈಸೆ ದುಂಡಗಿರಲಿಲ್ಲ. ಮೂಲೆಗಳನ್ನು ನಯಗೊಳಿಸಿದ ಚೌಕ.

ಲೋಹವನ್ನು ಹೀಗೆ ಏಕೆ ಬದಲಾಯಿಸುತ್ತಾ ಹೋದರು? ಒಂದು ಕಿಲೋಗ್ರಾಂ ತೂಗಲು ಒಂದೂವರೆ ಗ್ರಾಮಿನ ಕಂಚಿನ ಪೈಸೆ ಎಷ್ಟು ಬೇಕು? ಸುಮಾರು 666. ಅವುಗಳ ಒಟ್ಟು ಮುಖಬೆಲೆ 6 ರೂಪಾಯಿ 66 ಪೈಸೆ. ಪೇಟೆಯಲ್ಲಿ ಒಂದು ಕಿಲೋ ಕಂಚಿಗೆ ಇದಕ್ಕಿಂತ ಹೆಚ್ಚು ಬೆಲೆ ಬಂದರೆ ಏನಾಗುತ್ತದೆ? ನಾಣ್ಯವನ್ನು ಕರಗಿಸಿ ಮಾರುವುದೇ ಲಾಭ! ಅದು ಕಾನೂನಿಗೆ ವಿರುದ್ಧ. ಆದರೂ ಆಸೆ ಹುಟ್ಟುತ್ತದೆ, ನಾಣ್ಯ ಸಂತೆಯಿಂದ ಮಾಯವಾಗುತ್ತದೆ. ಅಲ್ಯೂಮಿನಿಯಂ ಪೈಸೆಯ ತೂಕ ಮುಕ್ಕಾಲು ಗ್ರಾಂ. ಕಿಲೋಗೆ 1333 ನಾಣ್ಯ. ಮುಖಬೆಲೆ 13 ರೂಪಾಯಿ 33 ಪೈಸೆ. ಅಂದರೆ ಕರಗಿಸುವವನ ಲಾಭದ ಗೆರೆ ಎರಡು ಪಟ್ಟು ಮೇಲೆ ಹೋಯಿತು. ಜೊತೆಗೆ ಅದು ಕಂಚಿಗಿಂತ ಅಗ್ಗದ ಲೋಹ.

ಇನ್ನೊಂದು ಸ್ವಾರಸ್ಯ ಗಮನಿಸಿ. ತೂಕ ಅರ್ಧವಾದರೂ ನಾಣ್ಯದ ಗಾತ್ರ ಚಿಕ್ಕದಾಗಲಿಲ್ಲ, ದೊಡ್ಡದಾಯಿತು! ಒಂದು ಘನ ಸೆಂಟಿಮೀಟರ್ ಕಂಚು ಸುಮಾರು 8.8 ಗ್ರಾಂ ತೂಗುತ್ತದೆ. ಅಷ್ಟೇ ಅಲ್ಯೂಮಿನಿಯಂ 2.7 ಗ್ರಾಂ. ಇದೇ ಸಾಂದ್ರತೆ. ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ. ಎರಡೂ ಪೈಸೆಗಳ ಗಾತ್ರವನ್ನು ನೀವೇ ಲೆಕ್ಕ ಹಾಕಿ ನೋಡಿ.

ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇವೇ ನಮ್ಮ ಆಟಿಕೆ. ಎರಡು ಪೈಸೆಯ ಅಲ್ಯೂಮಿನಿಯಂ ನಾಣ್ಯ ಒಂದು ಗ್ರಾಂ ಇತ್ತು. ಬಟ್ಟಲಿನಲ್ಲಿ ನೀರು ತುಂಬಿ, ಅಲುಗಾಡದಂತೆ ಬಿಟ್ಟು, ಒಣ ನಾಣ್ಯವನ್ನು ಮಲಗಿಸಿದ ಹಾಗೆ ನೀರಿನ ಮೇಲೆ ಇಟ್ಟರೆ ಅದು ಮುಳುಗುತ್ತಿರಲಿಲ್ಲ! ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಸಾಂದ್ರ. ಲೆಕ್ಕದಂತೆ ಮುಳುಗಲೇಬೇಕು. ಆದರೆ ನೀರಿನ ಮೇಲ್ಮೈ ಬಿಗಿದು ಕಟ್ಟಿದ ತೆಳು ಪೊರೆಯಂತೆ ವರ್ತಿಸುತ್ತದೆ. ಹಗುರವಾದ, ಅಗಲವಾದ ನಾಣ್ಯವನ್ನು ಅದು ಹೊರುತ್ತದೆ. ಬಗ್ಗಿ ನೋಡಿದರೆ ನಾಣ್ಯದ ಸುತ್ತ ನೀರು ತಗ್ಗಿದ್ದು ಕಾಣುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಒಂದು ತೊಟ್ಟು ಸೋಪಿನ ನೀರು ಹಾಕಿದರೆ ಸಾಕು, ಪೊರೆ ಸಡಿಲವಾಗಿ ನಾಣ್ಯ ತಳಕ್ಕೆ! ಕೆರೆಯ ನೀರಿನ ಮೇಲೆ ಓಡಾಡುವ ಹುಳು ಮುಳುಗದಿರುವುದೂ ಇದೇ ಕಾರಣಕ್ಕೆ.

ಬೆರಳಿಗೆ ಕಣ್ಣಿದ್ದ ಕಾಲ

ವಯಸ್ಸಾದ ಮೇಲೆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂತು. ನಮ್ಮೂರಿನ ಹತ್ತಿರ ಕಣ್ಣಿನ ಆಸ್ಪತ್ರೆ ಇರಲಿಲ್ಲ. ಬೆಳಕು ನೆರಳು ಬಿಟ್ಟರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಸಂತೆಗೆ ಹೋಗುವುದನ್ನು ಬಿಡಲಿಲ್ಲ. ನಾನು ಮಂಕರಿ ಹೊತ್ತು ಜೊತೆಗೆ ಹೋಗುತ್ತಿದ್ದೆ. ದುಡ್ಡಿನ ಲೆಕ್ಕ ಮಾತ್ರ ಅವಳದೇ.

ಗಿರಾಕಿ ಕೊಟ್ಟ ಚಿಲ್ಲರೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ನಾಲ್ಕು ಮೂಲೆಯ ದೊಡ್ಡದು ಐದು ಪೈಸೆ. ನಾಲ್ಕು ಮೂಲೆಯ ಚಿಕ್ಕದು ಒಂದು ಪೈಸೆ. ಆರು ಮೂಲೆಯದು ಮೂರು ಪೈಸೆ. ಹೂವಿನ ಎಸಳಿನಂತೆ ಅಂಚು ಇರುವ ಚಿಕ್ಕದು ಎರಡು, ದೊಡ್ಡದು ಹತ್ತು. ದುಂಡಗೆ ಭಾರವಾಗಿ, ಅಂಚಿನಲ್ಲಿ ಗೀರು ಇದ್ದರೆ ನಾಲ್ಕಾಣೆ ಅಥವಾ ಎಂಟಾಣೆ. ಅವನ್ನು ಅಗಲ ನೋಡಿ ಹೇಳುತ್ತಿದ್ದಳು. ಒಮ್ಮೆಯೂ ಲೆಕ್ಕ ತಪ್ಪಿದ್ದನ್ನು ನಾನು ಕಾಣಲಿಲ್ಲ. ಅಲ್ಯೂಮಿನಿಯಂ ನಾಣ್ಯ ಕಂಡರೆ ಮಾತ್ರ ಅವಳಿಗೆ ಅಷ್ಟಕ್ಕಷ್ಟೆ. "ಗಾಳಿಗೆ ಹಾರೋ ದುಡ್ಡು ಕಣ್ ಮಗ" ಎಂದು ನಗುತ್ತಾ ಎಲೆಅಡಿಕೆ ಸಂಚಿಗೆ ಹಾಕಿಕೊಳ್ಳುತ್ತಿದ್ದಳು.

ಯೋಚಿಸಿ ಮಕ್ಕಳೇ. ಆ ನಾಣ್ಯಗಳಿಗೆ ಬೇರೆ ಬೇರೆ ಆಕಾರ ಇಲ್ಲದಿದ್ದರೆ ಅಜ್ಜಿ ಇನ್ನೊಬ್ಬರ ಮಾತನ್ನು ನಂಬಿ ಕೂರಬೇಕಿತ್ತು. ನಂಬಿಸಿ ಮೋಸ ಮಾಡುವವರೂ ಸಂತೆಯಲ್ಲಿ ಇರುತ್ತಾರಲ್ಲ. ನಾಣ್ಯದ ಮೂಲೆ, ಅಂಚು, ತೂಕಗಳು ಓದಲು ಬಾರದವರಿಗೂ ಕಣ್ಣು ಕಾಣದವರಿಗೂ ಅಕ್ಷರದಂತೆ ಕೆಲಸ ಮಾಡುತ್ತವೆ.

ಪೈಸೆ ಮರೆಯಾದದ್ದು

ದಿನ ಕಳೆದಂತೆ ಸಾಮಾನುಗಳ ಬೆಲೆ ಏರಿತು. ಪೈಸೆಯಿಂದ ಕೊಳ್ಳಬಹುದಾದ ವಸ್ತುಗಳು ಒಂದೊಂದಾಗಿ ಇಲ್ಲವಾದವು. ನಾಣ್ಯ ಮಾಡುವ ಖರ್ಚು ಅದರ ಬೆಲೆಗಿಂತ ಹೆಚ್ಚಾಗತೊಡಗಿತು. 3 ಪೈಸೆಯನ್ನು 1971ರ ನಂತರ, 1 ಮತ್ತು 2 ಪೈಸೆಯನ್ನು 1980ರ ದಶಕದ ಆರಂಭದಲ್ಲಿ ಟಂಕಿಸುವುದನ್ನು ನಿಲ್ಲಿಸಿದರು. 1988ರಲ್ಲಿ 10, 25, 50 ಪೈಸೆಗಳು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಂದವು. 25 ಪೈಸೆಯ ಮೇಲೆ ಘೇಂಡಾಮೃಗದ ಚಿತ್ರವಿತ್ತು. ಕೊನೆಗೆ 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ಎಲ್ಲ ನಾಣ್ಯಗಳ ಚಲಾವಣೆಯನ್ನು ಸರ್ಕಾರ ರದ್ದು ಮಾಡಿತು. ಅಜ್ಜಿಯನ್ನು ಕಾಪಾಡಿದ ನಾಲ್ಕಾಣೆಯೂ ಹೋಯಿತು. 50 ಪೈಸೆಗೆ ಮಾತ್ರ ಕಾನೂನಿನ ಮಾನ್ಯತೆ ಈಗಲೂ ಇದೆ. ಅಂಗಡಿಯಲ್ಲಿ ಬೇಡವೆಂದರೆ ಇದನ್ನು ನೀವು ವಿನಯದಿಂದ ಹೇಳಬಹುದು.

ಹೊಸ ಸ್ಟೀಲ್ ನಾಣ್ಯಗಳು ಬಹುಪಾಲು ದುಂಡಗಿದ್ದವು. ಹಾಗಾಗಿ ಮುಟ್ಟಿ ಗುರುತಿಸುವುದು ಕಷ್ಟವಾಯಿತು. 2007ರಲ್ಲಿ ಬಂದ ಒಂದು ರೂಪಾಯಿಯ ಮೇಲೆ ಹೆಬ್ಬೆರಳು ಎತ್ತಿದ ಕೈ, ಎರಡು ರೂಪಾಯಿಯ ಮೇಲೆ ಎರಡು ಬೆರಳಿನ ಕೈ ಇತ್ತು. ಓದಲು ಬಾರದವರೂ ಚಿತ್ರ ನೋಡಿ ತಿಳಿಯಬಹುದಿತ್ತು. ಆದರೆ ಕಾಣದವರಿಗೆ? 2019ರ ಮಾರ್ಚ್‌ನಲ್ಲಿ ದೃಷ್ಟಿಹೀನರಿಗೆ ಅನುಕೂಲವಾಗುವಂತೆ ರೂಪಿಸಿದ 1, 2, 5, 10, 20 ರೂಪಾಯಿಗಳ ಹೊಸ ಸರಣಿಯನ್ನು ಬಿಡುಗಡೆ ಮಾಡಿದರು. ಅದರಲ್ಲಿ 20 ರೂಪಾಯಿ ನಾಣ್ಯಕ್ಕೆ 12 ಬದಿಗಳಿವೆ. ಮೂಲೆಗಳು ಮತ್ತೆ ಬಂದದ್ದು ನನಗಂತೂ ಸಂತೋಷ.

ಪೈಸೆಯ ನಾಣ್ಯ ಹೋದರೂ ಪೈಸೆಯ ಲೆಕ್ಕ ಹೋಗಿಲ್ಲ. ಕರೆಂಟು ಬಿಲ್ಲು, ಪೆಟ್ರೋಲ್ ಬೆಲೆ, ಬ್ಯಾಂಕಿನ ಬಡ್ಡಿ ನೋಡಿ. ಬಿಂದುವಿನ ಮುಂದೆ ಎರಡು ಅಂಕಿಗಳು ಇದ್ದೇ ಇರುತ್ತವೆ. ಅವೇ ಪೈಸೆಗಳು.

ಮಾಡಿ ನೋಡಿ

1. ಮನೆಯಲ್ಲಿರುವ ನಾಣ್ಯಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಬೆರಳಿನಿಂದ ಒಂದೊಂದನ್ನೂ ಗುರುತಿಸಿ. ಎಷ್ಟು ಸರಿಯಾಯಿತು? ಯಾವ ಎರಡು ನಾಣ್ಯಗಳಲ್ಲಿ ಗೊಂದಲವಾಯಿತು? ಬರೆದಿಡಿ.

2. ಒಂದು ಅಯಸ್ಕಾಂತ ತನ್ನಿ. ಸ್ಟೀಲಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಂಟಿಕೊಳ್ಳುತ್ತವೆ. ಹಳದಿ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ. ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಲೋಹ. ಅಜ್ಜಿ ಕೊಟ್ಟ ಹಳೆಯ ನಾಣ್ಯಗಳಿದ್ದರೆ ಅವನ್ನೂ ಪರೀಕ್ಷಿಸಿ, ಎರಡು ಗುಂಪು ಮಾಡಿ.

3. ರಟ್ಟಿನಲ್ಲಿ ಒಂದೇ ಅಳತೆಯ ಚೌಕ, ಷಟ್ಕೋನ, ವೃತ್ತಗಳನ್ನು ಕತ್ತರಿಸಿ ಪಕ್ಕಪಕ್ಕ ಜೋಡಿಸಿ. ಯಾವುದರ ನಡುವೆ ಖಾಲಿ ಜಾಗ ಉಳಿಯುತ್ತದೆ? ಲೋಹದ ಹಾಳೆಯಿಂದ ನಾಣ್ಯ ಕತ್ತರಿಸುವಾಗ ಯಾವ ಆಕಾರದಲ್ಲಿ ಚೂರು ಹೆಚ್ಚು ಉಳಿದೀತು?

4. ಒಂದು ಅಂಗಡಿಯಲ್ಲಿ ಪ್ರತಿ ಗಿರಾಕಿಗೂ ಚಿಲ್ಲರೆ ಇಲ್ಲವೆಂದು 50 ಪೈಸೆ ಕೊಡುವುದಿಲ್ಲ. ದಿನಕ್ಕೆ 200 ಗಿರಾಕಿಗಳು ಬಂದರೆ 30 ದಿನಕ್ಕೆ ಎಷ್ಟು ರೂಪಾಯಿ ಆಯಿತು? ಆ ಹಣ ಯಾರದು? ಉತ್ತರ ಕಂಡುಹಿಡಿದು ತರಗತಿಯಲ್ಲಿ ಚರ್ಚೆ ಮಾಡಿ. ಅರ್ಧ ರೂಪಾಯಿಗೆ ಯಾರು ಕೇಳುತ್ತಾರೆ ಎಂದು ಯಾರಾದರೂ ಹೇಳಿದರೆ, ಹದಿನಾರು ಕಟ್ಟು ಸೊಪ್ಪಿನ ಲೆಕ್ಕವನ್ನು ಅವರಿಗೆ ಹಲಗೆಯ ಮೇಲೆ ಬರೆದು ತೋರಿಸಿ.